ಬಚ್ಚಲ ನೀರಿಗೆ ಗಟಾರವೇ ಗತಿಯೇ?

ಚೆನ್ನೈನ ಪ್ಲಂಬರ್ ಒಬ್ಬ ಪೈಪು ಜೋಡಿಸುತ್ತ, "ನಿಮ್ಮೂರಲ್ಲಿ ಬಚ್ಚಲ ನೀರು ಎಲ್ಲಿಗೆ ಬಿಡ್ತೀರಿ ಸಾರ್?" ಎಂದ. ಕಲಬುರಗಿಯವರ ಉತ್ತರ ಒಂದೇ: ಗಟಾರಕ್ಕೆ. ಮೇ ತಿಂಗಳಲ್ಲಿ ನಳದ ದಾರಿ ಕಾಯುವ ಊರು ಹೀಗನ್ನಬೇಕಲ್ಲ, ಅದೇ ಚುಚ್ಚುತ್ತದೆ.

ಇಲ್ಲಿ ಚೆನ್ನೈನ ಕಡಲ ಬದಿಯ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಹಿತ್ತಲ ಕಾಬಾಳೆ ಹೂಗಿಡದ ಪಾತಿಗೆ ಹೋಗುತ್ತದೆ. ಸಾಬೂನನ್ನು ಮಣ್ಣಿನ ಬ್ಯಾಕ್ಟೀರಿಯಾ ತಿನ್ನುತ್ತವೆ, ನೀರು ಮರಳಲ್ಲಿ ಇಳಿದು ಹೋಗುತ್ತದೆ. ನಗರದ ಮಟ್ಟದಲ್ಲೂ ಅಷ್ಟೇ: ಕೊಯಂಬೇಡು, ಕೊಡುಂಗೈಯೂರಿನ ಘಟಕಗಳು ಕೊಳಚೆ ನೀರನ್ನು ಆರ್‌ಓ ತನಕ ಶುದ್ಧ ಮಾಡಿ ಕಾರ್ಖಾನೆಗಳಿಗೆ ಕೊಡುತ್ತವೆ.

ನಮ್ಮಲ್ಲಿ ಜಾಗಕ್ಕೆ ಬರವೇ, ಖಡಿಗೆ ಬರವೇ? ಐದು ಜನರ ಮನೆ, ತಲೆಗೆ 60 ಲೀಟರಿನಂತೆ ದಿನಕ್ಕೆ 300 ಲೀಟರ್ ಎಂದಿಟ್ಟುಕೊಳ್ಳಿ. 5 ಮೀಟರ್ ಉದ್ದ, 1 ಮೀಟರ್ ಅಗಲ, 60 ಸೆಂ.ಮೀ. ಆಳದ, ಖಡಿ ತುಂಬಿ ಕಾಬಾಳೆ ನೆಟ್ಟ ಹೊಂಡ ಸಾಕು. ಖಡಿಯ ಸಂದು ಶೇ. 38ರಷ್ಟಿದ್ದು, ನೀರು 50 ಸೆಂ.ಮೀ. ನಿಂತರೆ ಸುಮಾರು 950 ಲೀಟರ್ ಹಿಡಿಯುತ್ತದೆ. ಅಂದರೆ ನೀರಿಗೆ ಮೂರು ದಿನದ ತಂಗುದಾಣ. ಒಳಬಾಯಲ್ಲಿ ಅರ್ಧ ಮೀಟರ್ 40–60 ಮಿ.ಮೀ. ಕಲ್ಲು, ಮುಂದೆ 10–20 ಮಿ.ಮೀ. ಖಡಿ. ಶಹಾಬಾದಿ ಫರಸಿಯ ಚೂರು ಬೇಡ, ಕರಿಕಲ್ಲಿನ ಖಡಿಯೇ ಆಗಲಿ, ಅದೂ ತೊಳೆದದ್ದು. ತೊಳೆಯದೆ ಸುರಿದ ಖಡಿಯ ಪುಡಿ ತಳದಲ್ಲಿ ಕೂತು ಹೊಂಡ ಕಟ್ಟಿಕೊಳ್ಳುತ್ತದೆ. ನೀರು ಖಡಿಯ ಮೇಲ್ಮೈಗಿಂತ 10 ಸೆಂ.ಮೀ. ಕೆಳಗೇ ಇರುವಂತೆ ಹೊರಬಾಯಿಗೆ ತಿರುಗಿಸಬಹುದಾದ ಎಲ್ಬೋ (ಬಾಗಿದ ಪೈಪು) ಹಾಕಬೇಕು. ಮೇಲೆ ನಿಂತಿತೋ, ಸೊಳ್ಳೆ.

ಮೊದಲು ಕಟ್ಟಿಕೊಳ್ಳುವುದು ಒಳಬಾಯಿ: ಕೂದಲು, ಬಟ್ಟೆಯ ನೂಲು. ಮುಂದೊಂದು ಜಾಳಿಗೆ, ವರ್ಷಕ್ಕೊಮ್ಮೆ ಆ ಅರ್ಧ ಮೀಟರ್ ಕಲ್ಲು ತೆಗೆದು ತೊಳೆಯುವುದು, ಇಷ್ಟೇ ಕೆಲಸ. ಅಡುಗೆಮನೆಯ ನೀರು ಸೇರಿಸಬೇಡಿ. ಎಣ್ಣೆಗಾಯಿ ತಿಂದ ತಟ್ಟೆಯ ಜಿಡ್ಡಿಗೆ ಬೇರೆಯೇ ತೊಟ್ಟಿ ಬೇಕು. ಬಚ್ಚಲ ನೀರನ್ನು ಖಡಿಯ ಹೊಂಡಕ್ಕೆ ಬಿಡದೆ ಹಸಿಯಾಗಿ ಹೌದಿನಲ್ಲಿ (ತೊಟ್ಟಿಯಲ್ಲಿ) ಒಂದು ದಿನಕ್ಕಿಂತ ಹೆಚ್ಚು ಕೂಡಿಡಲೂಬೇಡಿ. ಆಮ್ಲಜನಕ ಮುಗಿದು, ನಮ್ಮ ಬಿಸಿಲಿಗೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ.

ಬೀದರಿನವರಿಗಂತೂ ನೆವವೇ ಇಲ್ಲ. ಬಹಮನಿ ಕಾಲದಲ್ಲೇ ನೌಬಾದದಲ್ಲಿ ಜಂಬಿಟ್ಟಿಗೆ ಕೊರೆದು ಸುರಂಗ ಬಾವಿ ಮಾಡಿದ ಊರು. ಆ ಕೆಂಪು ಕಲ್ಲು ನೀರನ್ನು ಸರಾಗ ಒಳಗೆ ಬಿಟ್ಟುಕೊಳ್ಳುತ್ತದೆ. ಎಷ್ಟು ಸರಾಗವೆಂದರೆ ರೋಗಾಣುವೂ ಜೊತೆಗೇ ಇಳಿದೀತು. ಹಾಗಾಗಿ ಹೊಂಡದಿಂದ ಹೊರಬಂದ ನೀರನ್ನು ನೆಲಕ್ಕಿಳಿಸುವ ಇಂಗುಗುಂಡಿ ಬಾವಿಯಿಂದ 15 ಮೀಟರಾದರೂ ದೂರವಿರಲಿ.

ಇನ್ನು ಕಲಬುರಗಿ, ಯಾದಗಿರಿಯ ಎರೆಮಣ್ಣು. ಒಪ್ಪಲೇಬೇಕು, ಇದು ಚೆನ್ನೈನ ಮರಳಲ್ಲ. ನಮ್ಮ ಬೋರಿನ ಗಡಸು ನೀರಿಗೆ ಸಾಬೂನು, ಸೋಡಾಪುಡಿ ಎರಡೂ ಜಾಸ್ತಿ ಬೇಕು. ನೀರಿನ ಕ್ಯಾಲ್ಸಿಯಂ ಅವುಗಳ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ, ಸೋಡಿಯಂ ಮಾತ್ರ ನೀರಲ್ಲಿ ಉಳಿಯುತ್ತದೆ. ಆ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ಉಬ್ಬಿಸಿ ಸಂದು ಮುಚ್ಚುತ್ತದೆ. ಇಂಗುಗುಂಡಿ ಕೆಲವೇ ತಿಂಗಳಲ್ಲಿ ಕೆಸರಿನ ತೊಟ್ಟಿ. ಬರೀ ಇಟ್ಟಿಗೆ-ಸಿಮೆಂಟಿನ ಹೊಂಡವೂ ಬಾಳದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ ಅದನ್ನು ಸೀಳುತ್ತದೆ. ತಳಕ್ಕೆ ಒಂದು ಅಡಿ ಗರಸು ಹಾಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಹೊರಬಂದ ನೀರು ಮೊದಲು ಪಾಯಖಾನೆಗೆ ಹೋಗಲಿ, ಕ್ಲೋರಿನ್ ಹಾಕಿ. ಗಿಡಕ್ಕೆ ಬಿಡುವುದಿದ್ದರೆ ಮಣ್ಣಿಗೆ ಜಿಪ್ಸಂ ಬೆರೆಸಿ.

ಹಾಂ, ಚೆನ್ನೈನಲ್ಲೂ ಕಡಲಿಂದ ಒಳಗೆ, ಜೇಡಿಮಣ್ಣಿನ ಬಡಾವಣೆಗಳಲ್ಲಿ ಕಾಬಾಳೆ ಪಾತಿಯಲ್ಲಿ ನೀರು ಇಂಗದೆ ನಿಲ್ಲುತ್ತದೆ. ಅದನ್ನು ಆ ಪ್ಲಂಬರ್ ಹೇಳಲಿಲ್ಲ.