ಕಡ್ಡಿ ತೋಳಿನ ಅಸುರ

ಜಪಾನಿನ ನಾರಾದಲ್ಲಿ ಕೋಫುಕು-ಜಿ ದೇವಸ್ಥಾನದ ಮ್ಯೂಸಿಯಂ ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಟ್ಟಳು.

"ಇದು ಮ್ಯೂಸಿಯಂ ಅಮ್ಮ. ಎಲ್ಲರೂ ಶೂ ಹಾಕ್ಕೊಂಡೇ ಹೋಗ್ತಿದಾರೆ ನೋಡು."

"ಒಳಗಿರೋದು ದೇವರು ತಾನೇ?"

ಬಾಗಿಲಲ್ಲಿದ್ದ ಹೆಂಗಸು ಬಂದು, ಬಗ್ಗಿ, ನಗುತ್ತಾ ಚಪ್ಪಲಿ ತೋರಿಸಿದರು. ಅಮ್ಮನೂ ಬಗ್ಗಿದಳು. ಅವರು ಇನ್ನಷ್ಟು ಬಗ್ಗಿದರು. ಅಮ್ಮನದು ನೋಯುವ ಸೊಂಟ, ಸೋತು ಚಪ್ಪಲಿ ಮೆಟ್ಟಿದಳು. ಆದರೆ ಒಳಗೆ ಪ್ರತಿ ಮೂರ್ತಿಯ ಮುಂದೆಯೂ ಕಾಲು ಹೊರಗೆ ತೆಗೆಯೋದು, ಕೈ ಮುಗಿಯೋದು, ಮತ್ತೆ ಕಾಲು ತೂರಿಸೋದು. ಅಲ್ಲಿರೋ ಮೂರ್ತಿಗಳೇನು ಒಂದೆರಡಾ?

ಜನ ಜಾಸ್ತಿ ನಿಂತಿದ್ದು ಅಸುರನ ಮುಂದೆ. ಮೂರು ಮುಖ, ಆರು ಕೈ, 153 ಸೆಂಟಿಮೀಟರ್, ಹೆಚ್ಚುಕಮ್ಮಿ ಅಮ್ಮನ ಎತ್ತರ. 734ರಲ್ಲಿ ಮಾಡಿದ್ದು. "ಇವನಾ ಅಸುರ?" ಮೈಸೂರಿನವಳಿಗೆ ಅಸುರ ಅಂದರೆ ಚಾಮುಂಡಿ ಬೆಟ್ಟದವನು. ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಹಾವು, ಮೇಲೆ ಆ ಮೀಸೆ. ಇಲ್ಲಿ ನೋಡಿದರೆ ಪಿಯುಸಿ ರಿಸಲ್ಟ್ ಕಾಯೋ ಹುಡುಗನ ಹಾಗೆ ಹುಬ್ಬು ಗಂಟಿಕ್ಕಿಕೊಂಡು, ಕೈ ಮುಗಿದು ನಿಂತಿದಾನೆ. ತೋಳಂತೂ ಕಡ್ಡಿ.

"ಸರಿಯಾಗಿ ಊಟ ಹಾಕಿಲ್ಲ."

ತೂಕ ಸುಮಾರು 15 ಕೆಜಿ ಅಷ್ಟೇ ಅಂದೆ. ಮಣ್ಣಿನ ಗೊಂಬೆಗೆ ಲ್ಯಾಕರ್ ಮರದ ಅಂಟು ಹಚ್ಚಿದ ನಾರುಬಟ್ಟೆಯನ್ನು ಪದರ ಪದರವಾಗಿ ಸುತ್ತಿ, ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದುಬಿಡುತ್ತಿದ್ದರು. ಒಳಗೆ ಪೊಳ್ಳು. ದೇವಸ್ಥಾನಕ್ಕೆ ಎಷ್ಟೋ ಸಲ ಬೆಂಕಿ ಬಿದ್ದರೂ, ಹಗುರ ಅಂತ ಎತ್ತಿಕೊಂಡು ಓಡಿ ಇವನನ್ನು ಉಳಿಸಿಕೊಂಡರು. ಕೋಮ್ಯೋ ಅನ್ನೋ ರಾಣಿ, ತನ್ನ ತಾಯಿ ತೀರಿಕೊಂಡು ವರ್ಷ ತುಂಬಿದಾಗ ಮಾಡಿಸಿದ್ದು ಅಂತಲೂ ಸೇರಿಸಿದೆ.

"ಅಮ್ಮನ ವರ್ಷಾಬ್ದಿಕಕ್ಕೆ ಅಸುರನ್ನ ಮಾಡಿಸಿದ್ಳಾ? ನೀನು ಹಂಗೇನೂ ಮಾಡ್ಬೇಡ. ವಡೆ ಮಾಡ್ಸು, ಸಾಕು."

ಪಕ್ಕದಲ್ಲಿ ತಲೆ ಮೇಲೆ ದೀಪ ಹೊತ್ತ ರಾಕ್ಷಸ, ಹೆಗಲ ಮೇಲೆ ದೀಪ ಹೊತ್ತ ಅವನ ಜೋಡಿ. 1215ರವು. "ಇವರನ್ನಾದ್ರೂ ಕೆಲಸಕ್ಕೆ ಹಚ್ಚಿದಾರೆ" ಅಂತ ಅಮ್ಮನಿಗೆ ಸಮಾಧಾನ.

ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ಊರಲ್ಲಿ ಚಿಕ್ಕಮ್ಮನಿಗೆ ತೋರಿಸಬೇಕಲ್ಲ, ಅಸುರನ ಪೋಸ್ಟ್‌ಕಾರ್ಡ್ ಕೊಂಡಳು. ಹೊರಗೆ ಬಂದರೆ ನಾರಾದ ಜಿಂಕೆಗಳು. ಬಿಸ್ಕತ್ತಿಗಾಗಿ ತಲೆ ಬಗ್ಗಿಸುತ್ತವೆ. ಅಮ್ಮ ಮರ್ಯಾದೆಗೆ ತಾನೂ ಬಗ್ಗಿದಳು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಂದು ಕೈಚೀಲಕ್ಕೆ ಬಾಯಿ ಹಾಕಿ ಪೋಸ್ಟ್‌ಕಾರ್ಡ್ ಎಳೆದೇ ಬಿಟ್ಟಿತು. ನಾನು ಒಂದು ತುದಿ ಹಿಡಿದು ಜಗ್ಗಿದೆ.

"ಮೂರರಲ್ಲಿ ಒಂದು ಮುಖ ಆದ್ರೂ ಉಳಿದಿದ್ಯಾ ನೋಡು!"

ಎರಡು ಕೈ ಉಳಿದಿತ್ತು.