ಶೇ. 90 ತೃಪ್ತಿ ಉಂಟು ಮಾರಾಯ್ರೆ

ಕೇರಳ ಸರಕಾರದ ದೃಢೀಕರಣಗಳಿಗೆ ಅರ್ಜಿ ಹಾಕುವ ಜಾಲತಾಣದ ಬಗ್ಗೆ ಜನರಿಗೆ ಭಾರೀ ತೃಪ್ತಿಯಂತೆ, ಶೇ. 90ರಷ್ಟು. ಹಾಗೆಂದು ಸುದ್ದಿ. ಇಷ್ಟು ಸುಲಭದಲ್ಲಿ ತೃಪ್ತರಾಗುವವರು ಕನ್ನಡದವರೂ ಇರುವ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಕಡೆ ಇದ್ದಾರೆಂದು ಕುಂಬಳೆ, ಬದಿಯಡ್ಕದವರಿಗೇ ಗೊತ್ತಿರಲಿಲ್ಲ.

ಮರ್ಮ ಇಷ್ಟೆ: ಅಭಿಪ್ರಾಯ ಒತ್ತುವ ಐದು ನಕ್ಷತ್ರ ಕಾಣಿಸುವುದು ಅರ್ಜಿ ಸಲ್ಲಿಕೆಯಾದ ಮೇಲೆ. 100 ಮಂದಿ ತಾಣ ತೆರೆದರು ಅನ್ನಿ. ಮೊದಲ ಪುಟದ ಮಲಯಾಳ ಕಂಡು 50 ಮಂದಿ ವಾಪಸು. ಒಟಿಪಿ ಬರುವಷ್ಟರಲ್ಲಿ ಸಮಯ ಮುಗಿದು 30 ಮಂದಿ ಹೊರಗೆ. ಉಳಿದ 20ರಲ್ಲಿ 18 ಮಂದಿ ‘ವಳರೆ ನಲ್ಲದ್’ (ಬಹಳ ಒಳ್ಳೆಯದು) ಒತ್ತಿದರೆ ತೃಪ್ತಿ ಶೇ. 90! ಆ ಒತ್ತಿದ ಬೆರಳೂ ಹೆಚ್ಚಿನಂಶ ಸೇವಾಕೇಂದ್ರದ ಹುಡುಗನದ್ದು.

ಬಳಕೆದಾರರನ್ನು ಅರಿಯಲು ಇಂಥ ಜಾತ್ರೆ ಬೇಡ. ‘ನಿವಾಸ ದೃಢೀಕರಣಕ್ಕೆ ಅರ್ಜಿ ಹಾಕಿ’ ಎಂದು ಮೊಬೈಲ್ ಕೈಗೆ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಬೇಕು. ಬೆರಳು ಎಲ್ಲಿ ತಡೆಯಿತು, ಯಾವ ಗುಂಡಿಯನ್ನು ಎರಡೆರಡು ಸಲ ಒತ್ತಿದರು, ಬರೆದುಕೊಳ್ಳಬೇಕು. ‘ಇಷ್ಟ ಆಯ್ತಾ?’ ಎಂದು ಮಾತ್ರ ಕೇಳಬಾರದು. ನೆಂಟರ ಮನೆಯ ಉಪ್ಪಿಲ್ಲದ ಸಾರನ್ನೂ ‘ಲಾಯ್ಕುಂಟು’ ಎಂದು ಉಣ್ಣುವವರು ನಾವು. ಒಂದು ದೋಷ ಒಬ್ಬರ ಕೈಗೆ ಸಿಗುವ ಸಾಧ್ಯತೆ ಶೇ. 31 ಆದರೆ, 5 ಮಂದಿ ಕೂತಾಗ ಸುಮಾರು ಶೇ. 85 ದೋಷ ಸಿಕ್ಕಿಬೀಳುತ್ತದೆ ಎಂಬುದು ತಾಣಗಳ ಬಳಕೆ ಸುಲಭವೇ ಎಂದು ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ ಲೆಕ್ಕ. ಆದರೆ ಐವರೂ ಒಂದೇ ಬಗೆಯ ಬಳಕೆದಾರರಾಗಿರಬೇಕು. ‘ಸಪ್ತಭಾಷಾ ಸಂಗಮ’ವೆಂದು ವೇದಿಕೆಯಲ್ಲಿ ಹೊಗಳಿಸಿಕೊಳ್ಳುವ ಜಿಲ್ಲೆಗೆ ತಿರುವನಂತಪುರದ ಐವರನ್ನು ಕೂರಿಸಿದರೆ ಸಿಗುವುದು ತಿರುವನಂತಪುರದ ದೋಷ.

ಬೆಳವಣಿಗೆಯ ಲೆಕ್ಕವೂ ಇದರ ದಾಯಾದಿಯೇ. ಇಲ್ಲಿ ಸಿಗದ ಚಿಕಿತ್ಸೆಗೆ ಗಡಿಯ ತಲಪಾಡಿ ದಾಟಿದ ಆಂಬುಲೆನ್ಸಿನ ಬಾಡಿಗೆ, ಮಂಗಳೂರಿನ ಆಸ್ಪತ್ರೆಯ ಬಿಲ್ಲು ಎಲ್ಲ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕಕ್ಕೆ, ಜಮೆ. ಒಂದು ಅರ್ಜಿಗೆ ಮೂರು ಸಲ ಪೇಟೆಗೆ ಹೋದರೆ ಬಸ್ಸಿನ ಟಿಕೆಟೂ ಜಮೆ. ಅಡಿಕೆ ಸುಲಿಯುವವನ ಆ ಮೂರು ದಿನದ ಕೂಲಿ ಹುಟ್ಟಲೇ ಇಲ್ಲವಲ್ಲ, ಅದನ್ನು ಬರೆಯಲು ಯಾವ ಪುಸ್ತಕದಲ್ಲೂ ಕಾಲಂ ಇಲ್ಲ. ರಾಷ್ಟ್ರೀಯ ಆದಾಯದಿಂದ ಜನರ ಕ್ಷೇಮ ಅಳೆಯಲಾಗದು ಎಂದು ಆ ಆದಾಯದ ಲೆಕ್ಕ ಕಟ್ಟಿಕೊಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1934ರಲ್ಲೇ ಎಚ್ಚರಿಸಿದ್ದರು. ಲೆಕ್ಕ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು.

ತಮಾಷೆ ಸಾಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ. ಫಾರಂ ಓದಲಾಗದೆ ಹಿಂದಿರುಗಿದ ಅಜ್ಜಿ ತೃಪ್ತರ ಪಟ್ಟಿಯಲ್ಲಿಲ್ಲ, ಅತೃಪ್ತರ ಪಟ್ಟಿಯಲ್ಲೂ ಇಲ್ಲ.

ದೂರಿನ ಗುಂಡಿ ಎಲ್ಲುಂಟು ಅಂದಿರಾ? ಐದು ನಕ್ಷತ್ರದ ಕೆಳಗೆ. ಅರ್ಜಿ ಸಲ್ಲಿಕೆಯಾದ ಮೇಲೆ ಕಾಣುತ್ತದೆ.