ಮುಂದೆ ಒಬ್ಬರಿದ್ದರೆ ಸಾಕಾಗಲ್ಲ

ಕಿವಿ ಕೇಳದವರನ್ನು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಚಾರಣ ಕರೆದೊಯ್ಯುವ ಬಗ್ಗೆ ನೀವು ಲೇಖನ ಬರೆದದ್ದು ಒಳ್ಳೇದಾಯ್ತು. ಆದರೆ ಸಾಲಿನ ಮುಂದೆ ಸಂಜ್ಞಾ ಭಾಷೆ ಬಲ್ಲ ಒಬ್ಬರಿದ್ದರೆ ಸಾಕು ಅಂತ ನೀವು ಹೇಳಿದ್ದನ್ನ ನಾನು ಒಪ್ಪಲ್ಲ. ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಹಿಂದಿನವರಿಗೆ ಕಾಣೋದು ಮುಂದಿನವರ ಬೆನ್ನಿನ ಚೀಲ, ಕೈ ಅಲ್ಲ. ಕೊನೆಯಲ್ಲೂ ಸಂಜ್ಞೆ ಬಲ್ಲ ಒಬ್ಬರು ಬೇಕೇ ಬೇಕು. ದಾರಿ ಕವಲೊಡೆದ ಕಡೆಯಲ್ಲೆಲ್ಲ ಕೊನೆಯವರು ಬರೋ ತನಕ ಎಲ್ಲರೂ ನಿಲ್ಲಬೇಕು.

ನಡೀತಾ ಮಾತಾಡೋದಂತೂ ಬೇಡವೇ ಬೇಡ. ಕಣ್ಣು ಎದುರಿನವರ ಕೈ ಮೇಲೆ, ಕಾಲು ಸಡಿಲ ಕಲ್ಲಿನ ಮೇಲೆ ಅಂದರೆ ಜಾರೋದು ಗ್ಯಾರಂಟಿ. ಹೇಳೋದಿದ್ದರೆ ನಿಂತು ಹೇಳಿ. ಹೇಳುವವರ ಮುಖಕ್ಕೆ ಬಿಸಿಲು ಬೀಳಲಿ. ಸೂರ್ಯ ಅವರ ಬೆನ್ನಿಗಿದ್ದರೆ ಮುಖವೆಲ್ಲ ಕಪ್ಪಾಗಿ ತುಟಿನೂ ಕಾಣಲ್ಲ.

ಕಿವಿ ಮಷೀನ್ ಇದ್ದವರಿಗೆ ತೊಂದರೆ ಇಲ್ಲ ಅಂದುಕೊಂಡಿದ್ದೀರಿ. ನನ್ನ ಎರಡೂ ಕಿವಿಗೆ ಮಷೀನ್ ಇದೆ. ಗುಡ್ಡದ ಮೇಲೆ ಗಾಳಿ ಜೋರು, ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಗಾಳಿ ಮಷೀನಿನ ಮೈಕಿಗೆ ಬಡಿದು ಬರೀ ಭರ್ರ್ ಅನ್ನುತ್ತೆ, ಪಕ್ಕದವರು ಕೂಗಿದರೂ ತಿಳಿಯಲ್ಲ. ಬೆವರಿಗೆ ಮಷೀನೇ ಕೈಕೊಡೋದೂ ಉಂಟು.

ಇನ್ನು, ವಿಸಲ್ ಇವರಿಗೆ ಯಾಕೆ ಅಂತ ಕೇಳಿದ್ದೀರಿ. ಕೇಳಿಸಿಕೊಳ್ಳೋಕಲ್ಲ ಸ್ವಾಮಿ, ಊದೋಕೆ! ದಾರಿ ತಪ್ಪಿದವರು ಊದಿದರೆ ಕುರಿ ಕಾಯೋರಿಗೋ ಅರಣ್ಯ ಇಲಾಖೆಯವರಿಗೋ ಕೇಳಿಸುತ್ತೆ, ಅಲ್ವಾ? ಅಂದಹಾಗೆ, ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಇಲಾಖೆಯನ್ನು ಮೊದಲೇ ಕೇಳಿಕೊಂಡು ಹೊರಡಿ.